ನೇಮಣ್ಣನವರ ಮನೆ ಯಾರ ಪಾಲಿಗೆ

೧೯೮೧ರಲ್ಲಿ, ಎಂಟನೆಯ ತರಗತಿಯ ನಡುವೆ, ನಾನು ಓದು ನಿಲ್ಲಿಸಿದೆ. ಫೇಲಾಗಿ ಅಲ್ಲ. ಮನೆಗೆ ದುಡಿಯುವ ಕೈ ಬೇಕಿತ್ತು, ನನ್ನ ಕೈ ಗಟ್ಟಿಯಿತ್ತು. ಅಲ್ಲಿಂದ ಇಪ್ಪತ್ತು ವರ್ಷಕ್ಕೂ ಮಿಕ್ಕಿ ದುಡಿದಿದ್ದೇನೆ. ಅಷ್ಟು ವರ್ಷದಲ್ಲಿ ಯಾರೂ ನನ್ನನ್ನು ಮೈಮುಟ್ಟಿ ಅಳೆದಿರಲಿಲ್ಲ. ಮೂಡಲಗಿಗೆ ಬಂದ ವಾರದಲ್ಲೇ ಒಬ್ಬ ಮುದುಕರು ಅಳೆದುಬಿಟ್ಟರು. ಗುರುತಿಲ್ಲ, ಪರಿಚಯವಿಲ್ಲ, ಹೊಸ್ತಿಲು ದಾಟಿ ಒಳಗೆ ಕಾಲಿಟ್ಟಿದ್ದೆನಷ್ಟೆ. ಎದ್ದು ಬಂದವರೇ ನನ್ನ ಹೆಗಲಿನಿಂದ ಮುಂಗೈವರೆಗೆ ಗೇಣು ಹಾಕಿದರು, ಬೆನ್ನ ಹಿಂದೆ ಹೋಗಿ ಅಗಲ ನೋಡಿದರು, ಮುಂದೆ ಬಂದು ಹೊಟ್ಟೆ ನೋಡಿದರು.

"ಪೂರಾ ತೋಳು ಬ್ಯಾಡ. ಅರ್ಧಾ ತೋಳು ಹೊಲಸ್ಕೋ. ಅರಿವಿ ಉಳಿತೈತಿ," ಎಂದು ಹೇಳಿ ಹೋಗಿ ಕುಳಿತರು.

ಅರಿವಿ ಎಂದರೆ ಬಟ್ಟೆ. ಅವರೇ ನೇಮಣ್ಣನವರು. ಮೂಡಲಗಿ ಪೇಟೆಯಲ್ಲಿ ಬಹಳ ವರ್ಷ ಅರಿವಿ ಅಂಗಡಿ ನಡೆಸಿದವರು. ಈಗ ಅಂಗಡಿ ಮಗನ ಕೈಯಲ್ಲಿದೆ. ನೇಮಣ್ಣನವರಿಗೆ ಮಗನ ಹೆಸರು ಮರೆತಿತ್ತು, ಉಂಡದ್ದು ಮರೆತಿತ್ತು, ಹೆಂಡತಿಯನ್ನು ಒಮ್ಮೊಮ್ಮೆ ಅಕ್ಕ ಎನ್ನುತ್ತಿದ್ದರು. ಕೈ ಮಾತ್ರ ಅಳೆಯುವುದನ್ನು ಮರೆತಿರಲಿಲ್ಲ.

ನಾನು ಅವರ ಮನೆಗೆ ಹೇಗೆ ಬಂದೆ ಎಂದು ನಮ್ಮ ಮದ್ದೂರು ಕಡೆಯವರು ಕೇಳುತ್ತೀರಿ. ಬೆಂಗಳೂರಿನ ಒಂದು ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿ ನಾನು ಅಟೆಂಡರ್ ಆಗಿದ್ದೆ. ಅಲ್ಲಿದ್ದ ಡಾಕ್ಟರೊಬ್ಬರು ಗೋಕಾಕಕ್ಕೆ ಹೋಗಿ, ಅಲ್ಲಿನ ವರ್ತಕರು ಕೂಡಿ ಕಟ್ಟಿದ ಒಂದು ಟ್ರಸ್ಟಿನಲ್ಲಿ ಮರೆವಿನ ಕಾಯಿಲೆಯ ಹಿರಿಯರಿಗಾಗಿ ಕೆಲಸ ಶುರುಮಾಡಿದ್ದರು. "ಸಿದ್ದರಾಜು, ಓದಿದವರು ಸಿಗ್ತಾರೆ. ಮುದುಕರಿಗೆ ಬೇಸರವಿಲ್ಲದೆ ಸ್ನಾನ ಮಾಡಿಸೋರು ಸಿಗಲ್ಲ, ನೀನು ಬಾ," ಎಂದರು. ಕರೆದದ್ದು ಅವರು, ನಾನಾಗಿ ಕೇಳಿಕೊಂಡು ಹೋದವನಲ್ಲ. ಮಗಳು ಹೈಸ್ಕೂಲಿನಲ್ಲಿದ್ದಳು, ಅವಳ ಓದನ್ನು ನಡುವೆ ಕೀಳಲು ನನಗೆ ಮನಸ್ಸಿರಲಿಲ್ಲ. ಹೆಂಡತಿ ಮಗಳನ್ನು ಮದ್ದೂರಿನಲ್ಲೇ ಬಿಟ್ಟು ಒಬ್ಬನೇ ಬಂದೆ.

ಮೂಡಲಗಿಯಲ್ಲಿ ಹಿಟ್ಟಿನ ಗಿರಣಿಯ ಹಿಂದೆ ಒಂದು ಕೋಣೆ ಸಿಕ್ಕಿತು. ಗಿರಣಿ ಶುರುವಾದರೆ ಲೋಟದೊಳಗಿನ ನೀರು ನಡುಗುತ್ತದೆ, ತಲೆದಿಂಬಿನ ಮೇಲೆ ಜೋಳದ ಹಿಟ್ಟು ಕೂರುತ್ತದೆ. ನಮ್ಮಲ್ಲಿ ಮುದ್ದೆಯನ್ನು ನುಂಗುತ್ತೇವೆ, ಇಲ್ಲಿ ರೊಟ್ಟಿಯನ್ನು ಅಗಿಯಬೇಕು. ಮೊದಲ ತಿಂಗಳು ದವಡೆ ನೋವು. ಆಮೇಲೆ ಶೇಂಗಾ ಹಿಂಡಿ ನಾಲಗೆಗೆ ಹತ್ತಿತು. ಕಡಲೆಕಾಯಿಯನ್ನು ಖಾರ ಹಾಕಿ ಕುಟ್ಟಿದ ಚಟ್ನಿಪುಡಿ ಅದು. ಮಾತಿನದೇ ಕಷ್ಟ. ಕನ್ನಡವೇ, ಆದರೂ ನಾನು ಬಾಯಿ ತೆರೆದ ಕೂಡಲೆ ಎದುರಿನವರು ನೆಟ್ಟಗೆ ಕೂರುತ್ತಿದ್ದರು, ಕಚೇರಿಯಿಂದ ಯಾರೋ ಬಂದರೆ ಕೂರುವ ಹಾಗೆ. ಭಾನುವಾರ ಗಿರಣಿ ನಿಂತಾಗ ಆ ಸದ್ದಿಗೂ ಆಸೆಪಟ್ಟಿದ್ದೇನೆ. ಗೋಕಾಕ ಬಸ್ಸಿನ ಕಂಡಕ್ಟರು ಒಂದು ದಿನ ಎಲ್ಲಿಗೆಂದು ಕೇಳದೆ ಅಂಕಲಗಿ ಟಿಕೆಟು ಹರಿದುಕೊಟ್ಟ. ಆವತ್ತು ಸಂಜೆ ನನಗೆ ನಾನೇ ಕರದಂಟು ಕೊಡಿಸಿಕೊಂಡೆ.

ಅಂಕಲಗಿ, ಕುಲಗೋಡ, ಮೂಡಲಗಿಯ ಮನೆಗಳು ನನ್ನ ಪಾಲಿನವು. ಹುಕ್ಕೇರಿಯಲ್ಲಿ ಇನ್ನೊಂದು ಸಂಸ್ಥೆಯಿತ್ತು. ಅವರದು ಮನಸ್ಸಿನ ಕಾಯಿಲೆಯವರ ಸೇವೆ. ಮೂಡಲಗಿಯಲ್ಲಿ ತಿಂಗಳಿಗೊಮ್ಮೆ ಅವರ ಶಿಬಿರ, ಬೆಳಗಾವಿಯಿಂದ ಡಾಕ್ಟರು. ಡೀಸೆಲ್ಲಿನ ಖರ್ಚು ನೋಡಿ ಎರಡೂ ಸಂಸ್ಥೆಯವರು ಒಂದು ಒಪ್ಪಂದ ಮಾಡಿಕೊಂಡರು: ಗುರುವಾರ ಒಂದೇ ಜೀಪು. ಹಾಗೆ ಮೊದಲು ಕೂಡಿದ್ದು ಜೀಪು, ಮನುಷ್ಯರಲ್ಲ. ನಾನು ಮತ್ತು ಅವರ ಕೆಲಸಗಾರ ದಸ್ತಗೀರ ಹಿಂದಿನ ಸೀಟಿನಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂರುತ್ತಿದ್ದೆವು. ಮಳೆ, ಕಬ್ಬು, ರಾಜಕೀಯ ಎಲ್ಲ ಮಾತಾಡುತ್ತಿದ್ದೆವು. ನಾವು ಹೋಗುವ ಮನೆಗಳ ಮಾತು ಮಾತ್ರ ಆಡುತ್ತಿರಲಿಲ್ಲ. ಅವನ ಮನೆಗಳು ಅವನವು, ನನ್ನವು ನನ್ನವು.

ನೇಮಣ್ಣನವರ ಮನೆಯನ್ನು ಮಾತ್ರ ಹಾಗೆ ಪಾಲು ಮಾಡಲು ಆಗಲಿಲ್ಲ. ಅವರಿಗೆ ಮರೆವೂ ಇತ್ತು, ಹೊತ್ತು ಇಳಿಯುವಾಗ ಅಂಗಡಿಗೆ ಕಳ್ಳರು ಬಂದರೆಂದು ಕೂಗಾಟವೂ ಇತ್ತು. ಮರೆವು ನಮ್ಮ ಸಂಸ್ಥೆಯ ಲೆಕ್ಕ, ಕೂಗಾಟ ಅವರ ಸಂಸ್ಥೆಯ ಲೆಕ್ಕ. ಒಂದೇ ತಲೆಯನ್ನು ಎರಡು ಸಂಸ್ಥೆಗಳು ಹಂಚಿಕೊಂಡಿದ್ದವು. ಅದು ನನಗೆ ಗೊತ್ತಿರಲಿಲ್ಲ. ದಸ್ತಗೀರ ಹಳೆಯ ಸಲಿಗೆಯಿಂದ ಬರುತ್ತಾನೆ ಎಂದುಕೊಂಡಿದ್ದೆ. ಏಕೆಂದರೆ ಅವನು ಮೊದಲು ದರ್ಜಿ, ನೇಮಣ್ಣನವರ ಅಂಗಡಿಯ ಕಟ್ಟೆಯ ಮೇಲೆಯೇ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದವನು.

ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿ. ಒಂದು ಬೆಳಿಗ್ಗೆ ನಾನು ಹೋದಾಗ ಅವನು ನೆಲದ ಮೇಲೆ ಕುಳಿತಿದ್ದ. ನೇಮಣ್ಣನವರು ಅವನ ಅಂಗಿಯ ಕಾಲರು ಹಿಡಿದು ಜಗ್ಗುತ್ತಿದ್ದರು.

"ಸೊಟ್ಟ ಐತಿ. ಕಳ್ಳ ಅದೀ ನೀ. ಅರಿವಿ ಕದ್ದೀ."

"ಕದ್ದೇನ್ರಿ ಕಾಕಾ. ನಮ್ಮ ಹುಡುಗೂರ ಚಡ್ಡಿ ಎಲ್ಲಾ ನಿಮ್ಮ ಅಂಗಡಿ ತುಂಡಿನಾಗ ಆಗ್ಯಾವ."

ನೇಮಣ್ಣನವರ ಹೆಂಡತಿ ಚಂಪಾಬಾಯಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ನನ್ನನ್ನು ಕಂಡು ನಗು ನಿಲ್ಲಿಸಿ, "ಬರ್ರಿ, ಕುಂದರ್ರಿ," ಎಂದು ಕುರ್ಚಿ ಎಳೆದುಕೊಟ್ಟರು.

ದಸ್ತಗೀರ ಕಣ್ಣು ಹೊಡೆದ. "ಬೆಂಗಳೂರವ್ರ, ನೀವು ಏನ ಕದ್ದೀರಿ?"

"ನಾನೇನೂ ಕದ್ದಿಲ್ಲ," ಎಂದೆ.

"ಅದಕ್ಕ ಕಾಕಾ ನಿಮ್ಮನ್ನ ಗುರ್ತ ಹಿಡಿಯಂಗಿಲ್ಲ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನೇಮಣ್ಣನವರಿಗೆ ಸ್ನಾನ ಮಾಡಿಸುವವನು ನಾನು, ಉಗುರು ಕತ್ತರಿಸುವವನು ನಾನು, ಬಚ್ಚಲಿನಲ್ಲಿ ಕಾಲು ಜಾರದಂತೆ ಗೋಣಿ ಹಾಸಿಸಿದವನು ನಾನು. ಈ ಕೆಲಸದಲ್ಲಿ ನನ್ನ ಸಮ ಆ ಮೂರು ಊರಿನಲ್ಲಿ ಯಾರಿದ್ದರು? ಆದರೂ ಒಂದು ದಿನವೂ ಅವರು ನನ್ನನ್ನು ಕಳ್ಳ ಎಂದವರಲ್ಲ. ವಾರವಾರವೂ ಹೊಸಬನಂತೆ ಅಳೆದು, ಅರ್ಧ ತೋಳು ಸಾಕೆಂದು ಹೇಳಿ ಬಿಡುತ್ತಿದ್ದರು.

ಒಂದು ಗುರುವಾರ ಹೋದರೆ ನೇಮಣ್ಣನವರ ಹಣೆಗೆ ಬಿಳಿ ಪಟ್ಟಿ. ಹಿಂದಿನ ಸಂಜೆ ನಿದ್ದೆಗಣ್ಣಿನಲ್ಲಿ ಓಲಾಡುತ್ತಾ ಅಂಗಡಿಗೆಂದು ಹೊರಟು ಮನೆಯ ಮೆಟ್ಟಿಲ ಮೇಲೆ ಬಿದ್ದಿದ್ದರು. ಅಷ್ಟು ನಿದ್ದೆಗಣ್ಣು ಹೇಗೆ ಬಂತು? ನಮ್ಮ ಡಾಕ್ಟರು ಕೊಟ್ಟದ್ದು ರಾತ್ರಿ ಊಟದ ನಂತರ ಒಂದೇ ಮಾತ್ರೆ.

"ಅಮ್ಮಾ, ಮಾತ್ರೆ ಎಷ್ಟು ಕೊಟ್ರಿ?"

"ಎರಡ. ನಿಮ್ಮದೊಂದು, ದಸ್ತಗೀರಂದೊಂದು."

"ಅವನದು ಯಾವುದು?"

"ಶಿಬಿರದಾಗ ಕೊಟ್ಟದ್ದು. ಮಲಗು ಮುಂದ ಕೊಡು ಅಂದಿದ್ದ. ಹೊತ್ತ ಮುಣಗಿದ ಮ್ಯಾಲೆ ನಮ್ಮಲ್ಲಿ ಹನಿ ನೀರೂ ಇಲ್ರಿ. ಅದಕ್ಕ ಸಂಜೀ ಊಟದಾಗ ಎರಡೂ ಗುಳಗಿ ಕೂಡಿ ಕೊಟ್ಟೆ."

ಗುಳಗಿ ಎಂದರೆ ನಮ್ಮ ಮಾತ್ರೆ. ಅದು ಜೈನರ ಮನೆ. ಸೂರ್ಯ ಮುಳುಗುವ ಮುಂಚೆ ಊಟ ಮುಗಿಸುತ್ತಾರೆ, ಆಮೇಲೆ ನೀರು ಸಹ ಮುಟ್ಟುವುದಿಲ್ಲ. ರಾತ್ರಿಯ ಊಟವೆಂದರೆ ನಮಗೆ ಎಂಟು ಗಂಟೆ, ಅವರಿಗೆ ಇಳಿಹೊತ್ತು.

"ಎರಡು ಕಡೆಯಿಂದ ಮಾತ್ರೆ ಬಂದಾಗ ಒಂದು ಮಾತು ಹೇಳಬಾರದಿತ್ತಾ ಅಮ್ಮಾ?"

ಚಂಪಾಬಾಯಿ ನನ್ನನ್ನೇ ನೋಡಿದರು. "ಇಬ್ಬರೂ ನಮ್ಮ ಮನಿಗಿ ನಡಕೋಂತ ಬಂದ ತಂದು ಕೊಟ್ಟೀರಿ. ಒಬ್ಬರದು ತಗೊಂಡು ಒಬ್ಬರದು ಒಲ್ಲೆ ಅಂದ್ರ ಹೆಂಗ್ರಿ?"

ಅಷ್ಟರಲ್ಲಿ ಇನ್ನೊಂದು ಮನೆ ಮುಗಿಸಿಕೊಂಡು ದಸ್ತಗೀರ ಬಂದ. ಪಟ್ಟಿ ನೋಡಿ ಮುಖ ಕಪ್ಪಾಯಿತು. ವಿಷಯ ತಿಳಿದ ಮೇಲೆ ನನ್ನತ್ತ ತಿರುಗಿದ. "ನಿಮ್ಮದೂ ಗುಳಗಿ ಐತಂತ ಯಾಕ ಹೇಳಲಿಲ್ರಿ? ನೀವು ಬರೇ ಮೈ ತೊಳಸಾಕ ಬರ್ತೀರಿ ಅಂತ ತಿಳಿದಿದ್ದೆ."

"ಬರೇ ಮೈ ತೊಳೆಸೋಕೆ! ನೀನು ಬರೇ ಹರಟೆಗೆ ಬರ್ತೀಯ ಅಂತ ನಾನು ತಿಳಿದಿದ್ದೆ."

"ಜೀಪಿನ್ಯಾಗ ಬಾಜೂಕ ಕುಂತಿರತೀರಿ. ಬಾಯಿ ಇದ್ದಿದ್ದಿಲ್ಲೇನು?"

"ನಿನಗಿತ್ತಲ್ಲ?"

ನಮ್ಮ ಜಗಳದ ನಡುವೆ ನೇಮಣ್ಣನವರು ಹಣೆಯ ಪಟ್ಟಿಯ ತುದಿ ಬಿಡಿಸಿ ಬೆರಳಲ್ಲಿ ತಿಕ್ಕಿ ನೋಡುತ್ತಿದ್ದರು. "ಇಂಥಾ ತೆಳು ಅರಿವಿ ಯಾರ ತಂದ್ರು? ಒಂದ ಒಗೆತಕ್ಕ ಹರೀತೈತಿ," ಎಂದರು.

ಗೋಕಾಕದಲ್ಲಿ ಎರಡೂ ಸಂಸ್ಥೆಯವರ ಸಭೆ ಸೇರಿತು. ಸಮನ್ವಯ ಎಂಬ ಮಾತು ಬಹಳ ಸಲ ಕೇಳಿಬಂತು. ನನ್ನ ತಪ್ಪೆಂದು ಯಾರೂ ಹೇಳಲಿಲ್ಲ, ಹೇಳಿದ್ದರೆ ಅಲ್ಲೇ ಕೆಲಸ ಬಿಡುತ್ತಿದ್ದೆ. ಜೀಪು ಕೂಡಿಸಿದವರು ಡಾಕ್ಟರುಗಳ ತಲೆ ಕೂಡಿಸಿರಲಿಲ್ಲ, ತಪ್ಪು ಅಲ್ಲಿತ್ತು. ಕೊನೆಗೆ ಹೊಸ ಪದ್ಧತಿಯಾಯಿತು. ಯಾವ ಸಂಸ್ಥೆಯ ಕಾಯಿಲೆಯಾದರೂ ಸರಿ, ಒಂದು ಮನೆಗೆ ಒಬ್ಬನೇ ಕೆಲಸಗಾರ, ಒಂದೇ ಗುಳಗಿ ಡಬ್ಬಿ. ಆ ಒಬ್ಬನು ಇಬ್ಬರು ಡಾಕ್ಟರಿಗೂ ಸುದ್ದಿ ಮುಟ್ಟಿಸಬೇಕು, ಅವರಿಬ್ಬರೂ ಮಾತಾಡಿಕೊಂಡೇ ಔಷಧಿ ಬರೆಯಬೇಕು. ಮಿಕ್ಕ ಮನೆಗಳನ್ನು ಹಂಚುವುದು ಸುಲಭವಾಯಿತು. ನೇಮಣ್ಣನವರ ಮನೆ ಬಂದಾಗ ನಾನೂ ದಸ್ತಗೀರನೂ ಒಟ್ಟಿಗೆ "ನನಗೆ" ಎಂದೆವು. ನಮ್ಮ ಡಾಕ್ಟರು ತಲೆ ಎತ್ತಿ ನೋಡಿದರು. ಮನೆಯವರನ್ನೇ ಕೇಳೋಣ ಎಂದಾಯಿತು. ಮನೆ ಸಿಗದವನು ಅದರ ಬದಲಿಗೆ ಹುಕ್ಕೇರಿ ಕಡೆಯ ನಿಡಸೋಸಿಯ ಒಂದು ಮನೆ ನೋಡಿಕೊಳ್ಳಬೇಕು.

ನೇಮಣ್ಣನವರ ಮನೆ ಕೈತಪ್ಪಿದರೆ ಮೂಡಲಗಿಯಲ್ಲಿ ನನಗೆ ಉಳಿಯುವುದು ಗಿರಣಿಯ ಸದ್ದು ಮಾತ್ರ ಎನ್ನಿಸಿತ್ತು. ಕೇಳಲು ಹೋದ ದಿನ ನಾನು ಹೊಸದಾಗಿ ಒಗೆದ ಅಂಗಿ ಹಾಕಿಕೊಂಡಿದ್ದೆ. ದಸ್ತಗೀರ ಎಂದಿನಂತೆ ಬಂದು ನೆಲದ ಮೇಲೆ ಕುಳಿತ. ಅವನು ಗೆದ್ದಾಯಿತು ಎಂದುಕೊಂಡೆ.

ಡಾಕ್ಟರು ಎಲ್ಲ ವಿವರಿಸಿ ಕೇಳಿದರು. ಚಂಪಾಬಾಯಿ ಗಂಡನ ಪಂಚೆಯ ಅಂಚು ಸರಿಮಾಡಿದರು. ಆಮೇಲೆ ನನ್ನ ಕಡೆ ಕೈ ತೋರಿಸಿದರು.

"ಇವರು ಬರಲಿ."

ನನ್ನ ಎದೆ ಉಬ್ಬಿತು. ದಸ್ತಗೀರನ ಮುಖ ನೋಡಬೇಕೆನಿಸಿ ನೋಡಿದೆ. ಅವನು ನಗುತ್ತಿದ್ದ. "ಕಾಕೂ, ನನ್ನ ಹೊರಗ ಹಾಕಿದೇನು?" ಎಂದ. ಕಾಕೂ ಎಂದರೆ ಚಿಕ್ಕಮ್ಮ.

"ನಿನ್ನ ಯಾರ ಹೊರಗ ಹಾಕ್ತಾರೋ? ಡಾಕ್ಟರು ಬ್ಯಾಡಂದ್ರೂ ಬರಾಂವ, ನಾ ಬ್ಯಾಡಂದ್ರೂ ಬರಾಂವ." ಮತ್ತೆ ಡಾಕ್ಟರ ಕಡೆ ತಿರುಗಿದರು. "ಇವರ ಕೆಲಸ ಚೊಕ್ಕ ಐತ್ರಿ, ಸುಳ್ಳ ಹೇಳಬಾರದು. ಆದ್ರ ಇವರಿಗೆ ಇಲ್ಲಿ ಯಾರದಾರ? ಕೆಲಸ ಇದ್ರ ಬರ್ತಾರ. ಕೆಲಸ ತಪ್ಪಿಸಿದ್ರ ಬರಂಗಿಲ್ಲ. ಇವರ ಹೆಸರಿಗೆ ಬರೀರಿ. ಇಬ್ಬರೂ ಸಿಗ್ತಾರ."

ಗುಳಗಿ ಡಬ್ಬಿ ನನ್ನ ಕೈಗೆ ಬಂತು. ಮೂಡಲಗಿಯಲ್ಲಿ ನಾನು ಅಷ್ಟು ದೊಡ್ಡದನ್ನು ಗೆದ್ದಿದ್ದಿಲ್ಲ, ಅಷ್ಟು ಸಣ್ಣವನೂ ಆಗಿದ್ದಿಲ್ಲ.

ಪದ್ಧತಿ ಒಳ್ಳೆಯದೇ, ಅದನ್ನು ಹೇಳಲೇಬೇಕು. ಇಬ್ಬರು ಡಾಕ್ಟರೂ ಮಾತಾಡಿ, ಸಂಜೆಯ ಊಟಕ್ಕೆ ಹೊಂದುವ ಹಾಗೆ ಒಂದೇ ಗುಳಗಿ ಉಳಿಸಿದರು. ಕಳ್ಳರ ಕೂಗಾಟ ಕಡಿಮೆಯಾಯಿತು. ಈಗ ಜೀಪಿನಲ್ಲಿ ನಾನೂ ದಸ್ತಗೀರನೂ ಮನೆಗಳ ಮಾತನ್ನೇ ಆಡುತ್ತೇವೆ. ಹೊತ್ತು ಇಳಿಯುವ ಮುಂಚೆ ಮಡಿಸಲು ಒಂದು ರಾಶಿ ಅರಿವಿ ಕೊಟ್ಟರೆ ಕಾಕಾ ಹೊರಗೆ ಹೊರಡುವುದಿಲ್ಲ ಎಂದು ಹೇಳಿಕೊಟ್ಟವನು ಅವನೇ. ಹೇಳಿಕೊಟ್ಟದ್ದನ್ನು ಮಾಡಿದೆ, ಫಲಿಸಿತು. ಅದಕ್ಕೂ ಹೊಟ್ಟೆ ಉರಿಯಿತು.

ಹೋದ ವಾರ ನಾನು ನೇಮಣ್ಣನವರ ಉಗುರು ತೆಗೆಯುತ್ತಿದ್ದಾಗ ದಸ್ತಗೀರ ಬಂದ. ಚಂಪಾಬಾಯಿ ಅಡುಗೆ ಮನೆಯಿಂದಲೇ ಶುರುಮಾಡಿದರು.

"ಎಲ್ಲಿ ಸತ್ತಿದ್ದೀ ಇಷ್ಟ ದಿನಾ? ಕಾಲಿಗೆ ಬ್ಯಾನಿ ಬಂದಿತ್ತೇನು?"

"ಈ ಮನಿ ಕೆಲಸ ಹೋತಲ್ಲ ಕಾಕೂ. ಇನ್ನ ಪಗಾರ ಇಲ್ದ ಬರಬೇಕೇನು?"

"ಪಗಾರಕ್ಕ ಬರ್ತಿದ್ದೇನೋ ಭಾಡ್ಯಾ? ಕುಂದ್ರ ಸುಮ್ನ. ರೊಟ್ಟಿ ತಿಂದ ಹೋಗು."

ಅವನು ಬೈಸಿಕೊಂಡು ರೊಟ್ಟಿ ತಿಂದ. ನನಗೆ ಸಾಸರಿನ ಜೊತೆ ಕಪ್ಪಿನಲ್ಲಿ ಚಹಾ ಬಂತು. "ತಗೋರಿ, ಆರತೈತಿ," ಎಂದು ಮೆಲ್ಲಗೆ ಹೇಳಿದರು. ಜ್ವರ ಬಂದು ನಾನು ಎರಡು ವಾರ ಹೋಗದಿದ್ದಾಗಲೂ ಅದೇ ಮೆಲುದನಿಯಲ್ಲಿ, "ಆರಾಮ ಆತೇನ್ರಿ?" ಎಂದಿದ್ದರು, ಅಷ್ಟೆ.

ಮದ್ದೂರಿಗೆ ಹೋದರೆ ಅಲ್ಲಿ ಇನ್ನೊಂದು. ಮಗಳ ಜ್ವರಕ್ಕೆ "ಗುಳಗಿ ಕೊಟ್ಟೆಯಾ?" ಎಂದು ಕೇಳಿದೆ. ಹೆಂಡತಿ, "ಅದೇನ್ರೀ ಅದು?" ಎಂದು ನಕ್ಕಳು. ಊಟಕ್ಕೆ ಕೂತಾಗ ನನಗೇ ಮೊದಲು ಬಡಿಸಿದಳು, ಸಾರಿಗೆ ಉಪ್ಪು ಸಾಕೇ ಎಂದು ಕೇಳಿದಳು. ಅವಳು ಹಾಗೆ ಕೇಳುವುದು ನೆಂಟರನ್ನು.

ಈಗ ನನಗಿರುವುದು ಇಷ್ಟು: ಮದ್ದೂರಿನಲ್ಲಿ ಒಂದು ಮನೆ, ಮೂಡಲಗಿಯಲ್ಲಿ ಒಂದು ಕೋಣೆ, ಒಂದು ಸೈಕಲ್ಲು, ನನ್ನ ಹೆಸರಿಗೆ ಬರೆದ ಹನ್ನೊಂದು ಮನೆಗಳು. ಯಾಕೆ ಬರಲಿಲ್ಲವೆಂದು ಬೈಯುವ ಮನೆ, ಒಂದೂ ಇಲ್ಲ.