ರಾಂಕೋನ ಬಲಗಾಲು

ಲಿವಿಯೋನ ಕಿವಿ ಹೋಗಿದೆ ಎಂದು ಗೊತ್ತಿದ್ದದ್ದು ಹೆಂಡತಿ ನೇವಿಯಾ ಒಬ್ಬಳಿಗೇ.

ರಿಯೇಕಾ ಬಂದರಿನ ಹಡಗು ಕಾರ್ಖಾನೆಯಲ್ಲಿ ಅವನದು ತುಕ್ಕು ತೆಗೆಯುವ ಕೆಲಸ. ಹಡಗಿನ ಹೊಟ್ಟೆಯೊಳಗೆ ಕೂತು, ಕಿವಿಗಡಚಿಕ್ಕುವ ಗಾಳಿಸುತ್ತಿಗೆಯಿಂದ ಕಬ್ಬಿಣ ಕುಟ್ಟಬೇಕು. ಕಿವಿಗೆ ಹತ್ತಿ ಕೊಡುತ್ತಿದ್ದರು. ಇಟ್ಟುಕೊಂಡವನನ್ನು "ಏನಮ್ಮಾ, ಚಳಿನಾ?" ಎಂದು ಉಳಿದವರು ಆಡಿಕೊಳ್ಳುತ್ತಿದ್ದರು. ಅವನು ಇಟ್ಟುಕೊಳ್ಳಲಿಲ್ಲ. ಮೊದಲು ಹಕ್ಕಿಗಳ ಸದ್ದು ಹೋಯಿತು, ಆಮೇಲೆ ಹೆಂಡತಿಯ ಪಿಸುಮಾತು.

ಕೆಲಸ ಮುಗಿದ ಮೇಲೆ ಡ್ರಮ್ಮು. ಬಾಂಬು ಬಿದ್ದರೆ ಅಡಗಲೆಂದು ಫ್ಲ್ಯಾಟುಗಳ ಕೆಳಗೆ ಕಟ್ಟಿದ್ದ ನೆಲಮಾಳಿಗೆಯಲ್ಲಿ ಮೂವರ ಬ್ಯಾಂಡು. ಹೆಸರು 'ಒದ್ದೆ ಗೋಡೆ'. ಹಾಡುವವನು ಎಡಿ, ಬೇಸ್ ಗಿಟಾರು ರಾಂಕೋನದು. ದೇಶ ಆಳುತ್ತಿದ್ದ ಮುದುಕ ಮಾರ್ಷಲ್ ಸತ್ತ ಮರುವರ್ಷ ಅದು. ಊರಿನ ಹುಡುಗರೆಲ್ಲ ತೆಳ್ಳನೆ ಟೈ ಕಟ್ಟಿಕೊಂಡು, ತಮ್ಮದು ಹೊಸ ಅಲೆ ಎನ್ನುತ್ತ ಚೂಪುಚೂಪಾಗಿ ಹಾಡುತ್ತಿದ್ದರು. ಎಡಿಯ ಹಾಡುಗಳದ್ದು ಎಲ್ಲರಿಗಿಂತ ಜೋರು ಓಟ. ರಾಂಕೋ ಬಾರಿಸುವಾಗ ಬಲಗಾಲಿನಿಂದ ನೆಲ ಕುಟ್ಟುತ್ತಿದ್ದ. ಲಿವಿಯೋ ಆ ಬೂಟನ್ನೇ ನೋಡಿಕೊಂಡು ಹೊಡೆಯುತ್ತಿದ್ದ. ಎಲ್ಲೂ ತಾಳ ತಪ್ಪಲಿಲ್ಲ.

"ಅವರಿಗೆ ಹೇಳ್ಬಿಡು" ಎಂದಳು ನೇವಿಯಾ.

"ಹೇಳಿದ್ರೆ ನಾಳೆನೇ ಬೇರೆಯವನನ್ನ ತರ್ತಾರೆ. ಆ ಹಡಗಿನ ಹೊಟ್ಟೆ ಬಿಟ್ರೆ ನಂಗಿರೋದು ಇದೊಂದೇ ಕಣೇ."

ದೊಡ್ಡ ಕಂಪನಿಗಳು ಇವರ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಗೆ ಲ್ಯುಬ್ಲಿಯಾನಾದ ವಿದ್ಯಾರ್ಥಿಗಳ ಗುಂಪೊಂದು ತಾವೇ ಒಂದು ಪುಟ್ಟ ರೆಕಾರ್ಡು ತರುತ್ತೇವೆಂದು ಕರೆಯಿತು. ಸ್ಟುಡಿಯೋ ಸಿಕ್ಕಿದ್ದು ಒಂದೇ ಹಗಲಿಗೆ.

ಅಲ್ಲಿ ರೆಕಾರ್ಡಿಂಗ್ ಮೇಸ್ತ್ರಿ ಡ್ರಮ್ಮನ್ನು ಮರದ ಡಬ್ಬಿಯಂಥ ಬೇರೆ ಕೋಣೆಯಲ್ಲಿ ಇಡಿಸಿದ. ಕಿಟಕಿ ಇಲ್ಲ. ಲಿವಿಯೋನ ತಲೆಗೆ ಹೆಡ್‌ಫೋನು ಹಾಕಿದ.

"ಮೇಸ್ತ್ರಿ, ಬಾಗಿಲು ತೆಗೆದಿಡಿ. ರಾಂಕೋ ಕಾಣ್ಬೇಕು."

"ಯಾಕಯ್ಯಾ, ಅಷ್ಟು ಚೆಂದ ಇದ್ದಾನಾ ಅವನು? ನಿಂಗೆ ಮದುವೆ ಆಗಿದೆಯಲ್ಲೋ!"

ಎಲ್ಲರೂ ನಕ್ಕರು. ನಗುವ ಬಾಯಿಗಳನ್ನು ನೋಡಿ ಅವನೂ ನಕ್ಕ. ಬಾಗಿಲು ಮುಚ್ಚಿತು.

ಹಾಡು ಅವನನ್ನು ಬಿಟ್ಟು ಓಡಿತು. ಮತ್ತೆ ಶುರು ಮಾಡಿದರು, ಮತ್ತೆ ಓಡಿತು. ಅವನ ಕಿವಿಯಲ್ಲಿ ಬರೀ ಗುಂಯ್ ಎನ್ನುವ ಸದ್ದು. ಮಧ್ಯಾಹ್ನದ ಹೊತ್ತಿಗೆ ಎಡಿ ಬಾಗಿಲು ತಳ್ಳಿಕೊಂಡು ಬಂದು ಮುಖದ ಮುಂದೆ ನಿಂತು ಕೂಗಿದ.

"ಕುಡಿದಿದ್ದೀಯೇನೋ?"

ಆಗ ಹೇಳಬಹುದಿತ್ತು. ಲಿವಿಯೋ ಬೇರೆ ಯೋಚನೆ ಮಾಡಿದ. ಕಿವುಡ ಎಂದರೆ ಬ್ಯಾಂಡಿನಿಂದ ಕಳಿಸುತ್ತಾರೆ. ಕುಡಿದವನನ್ನು ಬೈದು ಇಟ್ಟುಕೊಳ್ಳುತ್ತಾರೆ. ತಮ್ಮ ಊರಲ್ಲಿ ಕುಡಿಯದವರು ಯಾರಿದ್ದರು?

"ಹೂಂ ಕಣೋ. ಬೆಳಿಗ್ಗೆ ಸ್ವಲ್ಪ ರಾಕಿಯಾ ಜಾಸ್ತಿ ಆಯ್ತು."

ಅಲ್ಲೇ ಓದುತ್ತಿದ್ದ, ಡ್ರಮ್ಮು ಬಲ್ಲ ಒಬ್ಬನನ್ನು ಕರೆಸಿದರು. ಸಂಜೆಯೊಳಗೆ ಅವನು ಬಾರಿಸಿ ಮುಗಿಸಿದ. ಬ್ಯಾಂಡಿನಲ್ಲೂ ಅವನೇ ಉಳಿದ. ವಾಪಸು ಬರುವಾಗ ವ್ಯಾನಿನಲ್ಲಿ ಯಾರೂ ಲಿವಿಯೋನನ್ನು ಮಾತಾಡಿಸಲಿಲ್ಲ.

ಊರಲ್ಲಿ ಕುಡುಕನೆಂಬ ಹೆಸರು ನಿಂತಿತು. ಹೆಸರು ಬಂದಮೇಲೆ ಕುಡಿತವೂ ಬಂತು. ಎಷ್ಟೋ ವರ್ಷಗಳ ಮೇಲೆ ಲಿವರ್ ಕೆಟ್ಟು, ಹೊಟ್ಟೆ ಊದಿ, ಆಸ್ಪತ್ರೆಯಲ್ಲಿ ಸತ್ತ.

ಸ್ಮಶಾನದ ಗೇಟಿನಲ್ಲಿ ನೇವಿಯಾಗೆ ರಾಂಕೋ ಸಿಕ್ಕಿದ. ಕೂದಲು ನರೆತಿತ್ತು. "ಎಂಥ ಕೈ ಇತ್ತು ಅವನದು! ಅವತ್ತೊಂದಿನ ಕುಡೀದೆ ಇದ್ದಿದ್ರೆ..."

"ಅವತ್ತು ಅವನು ಒಂದು ತೊಟ್ಟೂ ಕುಡಿದಿರಲಿಲ್ಲ. ಅವನಿಗೆ ಕಿವಿ ಕೇಳ್ತಿರಲಿಲ್ಲ. ನಿನ್ನ ಕಾಲು ನೋಡ್ಕೊಂಡು ಬಾರಿಸ್ತಿದ್ದ."

ರಾಂಕೋ ಬಗ್ಗಿ ತನ್ನ ಬಲಗಾಲು ನೋಡಿಕೊಂಡ. "ಅಯ್ಯೋ ನೇವಿಯಾ, ಹೇಳಿದ್ರೆ ಬಾಗಿಲು ತೆಗೆಸ್ತಿದ್ವಲ್ಲ! ಅಷ್ಟೇ ತಾನೇ ಬೇಕಾಗಿದ್ದು?"

ಅವನು ಶವದ ಪೆಟ್ಟಿಗೆ ಹೊರಲು ಮುಂದೆ ಬಂದ.

"ನೀನು ಹಿಂದೆ ನಡಿ" ಎಂದಳು ನೇವಿಯಾ. "ಹೊರೋಕೆ ಕಾರ್ಖಾನೆಯವರಿದ್ದಾರೆ."