ಒಜೆಲ್ಲಾ ಅತ್ತೆಯ ಪೊರಕೆಗಿಡ

ನಮ್ಮೂರಲ್ಲಿ ಎಲ್ಲವೂ ಎತ್ತರದಲ್ಲೇ. ಮನೆ ಇಟ್ಟಿಗೆಗಂಬಗಳ ಮೇಲೆ, ಕೋಳಿಗೂಡು ಗೂಟಗಳ ಮೇಲೆ, ಗೆಣಸು ಏರುಮಡಿಯ ಮೇಲೆ. ಅಮೆರಿಕದ ಜಾರ್ಜಿಯಾದ ಈ ಕಡಲಂಚಿನಲ್ಲಿ ಗೇಣುದ್ದ ಅಗೆದರೆ ನೀರು. ಹಾಗಾಗಿ ನನ್ನ ಗಂಡನ ಸೋದರತ್ತೆ ಒಜೆಲ್ಲಾ ಗಾಲ್‌ಬೆರಿ ಗಿಡಗಳನ್ನು ಎತ್ತರದ ಮಡಿ ಕಟ್ಟಿ ನೆಟ್ಟಾಗ ಅದು ತಪ್ಪೆಂದು ಯಾರಿಗೂ ಹೊಳೆಯಲಿಲ್ಲ.

ಗಾಲ್‌ಬೆರಿ ವರ್ಷವಿಡೀ ಹಸಿರಾಗಿರುವ ಕಾಡುಪೊದೆ. ಅದರ ಕೊಂಬೆಗಳ ಎಲೆ ಬಡಿದುದುರಿಸಿ, ಬಿಗಿದು ಕಟ್ಟಿದ ಪೊರಕೆಯಿಂದಲೇ ಅತ್ತೆ ಮರಳಂಗಳ ಗುಡಿಸುವುದು. ಪ್ರತಿ ಅಕ್ಟೋಬರಿನಲ್ಲಿ ಚರ್ಚಿನ ಹಿಂದಿನ ಹಿರಿಯರ ಸಮಾಧಿಗಳ ಸುತ್ತ ಗುಡಿಸುವುದೂ ಅದರಿಂದಲೇ. ಕಳೆದ ಚಳಿಗಾಲದಲ್ಲಿ ಅದು ಬೆಳೆಯುತ್ತಿದ್ದ ಕಾಡು ಮಾರಾಟವಾಗಿ ಬುಲ್ಡೋಜರ್ ಬಂತು. ಎಪ್ಪತ್ತು ದಾಟಿದ ಅತ್ತೆ ಅದರ ಮುಂದೆ ಮುಂದೆ ಓಡಿ ಬೇರುಸಮೇತ ಕಿತ್ತು ತಂದಷ್ಟೇ ಉಳಿದದ್ದು.

"ಇವು ಸತ್ರೆ ಅಮ್ಮನ ಸಮಾಧಿಗೆ ಪ್ಲಾಸ್ಟಿಕ್ ಪೊರಕೆ ಹಿಡ್ಕೊಂಡು ಹೋಗ್ಬೇಕು," ಅಂದರು. "ಎದ್ದು ಬಂದು ಅದ್ರಲ್ಲೇ ಬಾರಿಸ್ತಾಳೆ."

ಮೇ ಹೊತ್ತಿಗೆ ಎಲೆಗಳು ಹಳದಿ ತಿರುಗಿದವು. ಅತ್ತೆ ಊಟ ಬಿಟ್ಟರು. ನನಗೆ ನನ್ನದೇ ಚಿಂತೆ: ಮಗಳು ನಿಯಾ ಅಂಬೆಗಾಲಿಡಲು ಕಲಿತಿದ್ದಳು, ಹಿತ್ತಿಲಲ್ಲಿ ನೀರು ನಿಂತ ಚರಂಡಿ, ಚರಂಡಿಯಲ್ಲಿ ಏನೇನಿದೆಯೋ. ಅಟ್ಲಾಂಟಾದಲ್ಲಿ ಓದಿ ಬೆಳೆದ ನಾನು ದಿನಾ ಕೋಲು ಹಿಡಿದು ಹಾವು ಹುಡುಕುತ್ತಿದ್ದೆ.

ಒಂದು ಬೆಳಿಗ್ಗೆ ಹಾಗೆಯೇ ಕೋಲಾಡಿಸುವಾಗ ಚರಂಡಿಯ ಅಂಚಿನಲ್ಲಿ ಏನೋ ಮಿರಮಿರ ಮಿಂಚಿತು. ಮಡಿಯಲ್ಲಿ ಜಾಗ ಸಾಲದೆ ಅತ್ತೆ ಅಲ್ಲಿ ಬಿಸಾಡಿದ್ದ ಒಂದು ಗಾಲ್‌ಬೆರಿ ಬುಡ. ಕೆಸರಿನಲ್ಲಿ ಬೇರೂರಿ, ಎಣ್ಣೆ ಹಚ್ಚಿದಂಥ ಎಲೆ ಬಿಟ್ಟು ನಿಂತಿತ್ತು! ಮಗುವನ್ನು ಸೊಂಟಕ್ಕೇರಿಸಿಕೊಂಡು ಓಡಿದೆ.

"ಅತ್ತೆ, ಬನ್ನಿ. ಬೇಗ ಬನ್ನಿ."

"ಹಾವಾ?"

"ಹಾವಲ್ಲ, ಬನ್ನಿ ಅಂದ್ರೆ."

ಅತ್ತೆ ಬಂದು ನೋಡಿದರು. ಬಗ್ಗಿ ಎಲೆ ಮುಟ್ಟಿದರು. "ಅಲ್ವೇ, ಕಾಡಲ್ಲಿ ಇದನ್ನ ಕಡಿಯೋಕೆ ಮೊಣಕಾಲುದ್ದ ನೀರಿಗಿಳೀತಿದ್ದೆ. ಮನೇಗೆ ತಂದು ಗೆಣಸಿನ ಥರ ಮಡಿ ಕಟ್ಟಿ ಒಣಗಿಸ್ತಾ ಕೂತಿದ್ದೀನಲ್ಲ!"

ಮಧ್ಯಾಹ್ನದೊಳಗೆ ಮಡಿಯ ಗಿಡಗಳೆಲ್ಲ ಹಿತ್ತಿಲ ತಗ್ಗಿಗೆ ಇಳಿದವು. ನಾನೂ ಇಳಿದೆ, ಹಾವಿನ ನೆನಪೇ ಇಲ್ಲದೆ. ಪಕ್ಕದ ಮನೆಯವನೂ ಚರ್ಚಿನ ಹಿರಿಯನೂ ಆದ ರೆಂಟಿ ಸ್ಯಾಲಿನ್ಸ್ ಬೇಲಿಗೊರಗಿ ನಕ್ಕ.

"ಒಜೆಲ್ಲಕ್ಕಾ, ಏನು, ಭತ್ತದ ನಾಟಿನಾ?"

"ಗುಲಾಮಳಾಗಿ ಭತ್ತ ನೆಟ್ಟ ನಮ್ಮ ಮುತ್ತಜ್ಜಿಗೇ ನಾಟಿ ಮುಗೀತು ಕಣೋ. ನಿನ್ನ ಸೊಪ್ಪಿನ ಮಡಿ ನೋಡ್ಕೋ ಹೋಗು."

ಬೇಸಿಗೆಯಲ್ಲಿ ಗಿಡಗಳು ಚಿಗುರಿದವು, ಬುಡದಿಂದ ಹೊಸ ಕಂದುಗಳೆದ್ದವು. ನಾನು ದಿನಾ ಎದ್ದು ಮೊದಲು ಮಗಳ ಹಣೆ ಮುಟ್ಟುತ್ತಿದ್ದೆ, ಆಮೇಲೆ ಹಿತ್ತಿಲಿಗೆ. ಸೆಪ್ಟೆಂಬರಿನಲ್ಲಿ ಬಿರುಗಾಳಿ ಬಂತು. ಮಳೆ ನಿಂತಾಗ ಹಿತ್ತಿಲೇ ಕೆರೆ; ಪೊದೆಗಳ ತುದಿಯೂ ಕಾಣಲಿಲ್ಲ. ಅತ್ತೆ ಮೆಟ್ಟಿಲ ಮೇಲೆ ಕೂತು ನೀರನ್ನೇ ನೋಡುತ್ತಿದ್ದರು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನೀರು ಇಳಿಯುತ್ತಾ ಬಂದಂತೆ ಮೊದಲು ಒಂದು ತುದಿ, ಆಮೇಲೆ ಇನ್ನೊಂದು, ಆಮೇಲೆ ಸಾಲಿಗೆ ಸಾಲೇ, ಕೆಸರು ಬಳಿದುಕೊಂಡ ಹಸಿರು! ಅತ್ತೆ ನಿಯಾಳನ್ನು ಎತ್ತಿ ಕುಣಿಸಿದರು. "ಜೋಪಾನ, ಬೀಳಿಸೀರಾ," ಎಂದು ನಾನು ಕೂಗುತ್ತಲೇ ಇದ್ದೆ, ಕುಣಿಯುತ್ತಲೂ ಇದ್ದೆ. ರೆಂಟಿಯ ಸೊಪ್ಪು ಮಡಿಸಮೇತ ಕೊಚ್ಚಿಹೋಗಿತ್ತು.

ಅಕ್ಟೋಬರಿನಲ್ಲಿ ಅತ್ತೆ ಒಂದೇ ಪೊರಕೆಗಾಗುವಷ್ಟು ಕಡಿದರು. ತಾಯಿಯ ಸಮಾಧಿಯ ಸುತ್ತ, ತಮ್ಮ ಹೆಜ್ಜೆಗುರುತು ತಾವೇ ಅಳಿಸುತ್ತಾ, ಹಿಂದಕ್ಕೆ ಹಿಂದಕ್ಕೆ ನಡೆದು ಗುಡಿಸಿದರು. ರೆಂಟಿ ಟೋಪಿ ತೆಗೆದು ಹತ್ತಿರ ಬಂದ.

"ಅಕ್ಕಾ, ನಮ್ಮಪ್ಪನ ಸಮಾಧಿಗೂ ಒಂಚೂರು ಕೊಡ್ತೀರಾ?"

ಅತ್ತೆ ಪೊರಕೆ ಕೊಟ್ಟರು. ಆಮೇಲೆ ಚೀಲದಿಂದ ಒದ್ದೆ ಬಟ್ಟೆ ಸುತ್ತಿದ ಒಂದು ಗಾಲ್‌ಬೆರಿ ಕಂದು ತೆಗೆದು ಅವನ ಕೈಗಿಟ್ಟರು.

"ನಿನ್ನ ಸೊಪ್ಪು ಕೊಚ್ಚಿಹೋದ ಗುಂಡಿಗೆ ನೆಡು. ದಿಬ್ಬ ಕಟ್ಟಿದ್ಯೋ, ವಾಪಸ್ ಕಿತ್ಕೊಂಡು ಹೋಗ್ತೀನಿ."