ಎತ್ತಿನಂತೆ ಲ್ಯಾಪ್‌ಟಾಪನ್ನೂ ಹೂಡಿ ನೋಡಬೇಕಂತೆ

ರಾತ್ರಿ ಹನ್ನೊಂದು. ಕರೆಂಟ್ ಬಂದು ಬಾವಿಯ ಮೋಟಾರು ಗುರ್ ಅಂದದ್ದಕ್ಕೆ ಎಚ್ಚರವಾಯಿತು. ಕಂಪ್ಯೂಟರ್ ಕ್ಲಾಸಿನ ಗೆಳತಿಯರೇ, ಕೂಸು ಮಲಗಿದೆ, ನನಗಿನ್ನು ನಿದ್ದೆಯಿಲ್ಲ. ಲ್ಯಾಪ್‌ಟಾಪ್ ಬೇಕೋ ಬೇಡವೋ ಅಂತ ಮುಂಜಾನೆ ಹೇಳಬೇಕು.

ಕನ್ನಡ, ಮರಾಠಿ ಲಗ್ನಪತ್ರಿಕೆ ಹೊಂದಿಸಿಕೊಡುವ ಕೆಲಸವನ್ನು ಮನೆಯಲ್ಲೇ ಶುರು ಮಾಡೋಣ ಅಂತ ನನ್ನ ಆಸೆ. ಅದಕ್ಕೇ ಇವತ್ತು ಮಿರಜಿನ ವ್ಯಾಪಾರಿಯೊಬ್ಬ ಅಥಣಿಯ ನಮ್ಮ ತೋಟದ ಮನೆಗೆ ಲ್ಯಾಪ್‌ಟಾಪ್ ಒಂದನ್ನು ತಂದಿದ್ದ. ಅದರ ಬೆಲೆಗೆ ಒಳ್ಳೆಯ ಎತ್ತೊಂದು ಬರುತ್ತದೆ. ನಮ್ಮ ಮಾವ ದನದ ಪ್ಯಾಟಿಯ ರೂಢಿಯಂತೆ ಟವೆಲ್ಲಿನಡಿ ಬೆರಳು ಹಿಡಿದು ದರ ಕೇಳಿದರೆ, ಆತ ಪಾಪ, ನಮಸ್ಕಾರ ಅಂತ ಕೈ ಕುಲುಕಿದ!

"ಹೂಡಿ ನೋಡಲಾರ್ದ ನಾವು ಎತ್ತ ಕೊಳ್ಳಾಂಗಿಲ್ರಿ. ಇವತ್ತ ಇಲ್ಲೇ ಬಿಟ್ಟ ಹೋಗ್ರಿ," ಅಂದರು ಮಾವ.

"ಇದರಾಗ ನಿಮಗೇನ್ ತಿಳೀತೈತ್ರಿ, ಕಾಕಾ?" ವ್ಯಾಪಾರಿ ನಕ್ಕ.

"ನನಗ ಎತ್ತ ತಿಳೀತಾವ. ಇದು ನಮ್ಮ ಸೊಸಿಗೆ ತಿಳೀತೈತಿ. ಆಕಿ ಹೂಂ ಅಂದ್ರ ತಗೋತೀವಿ, ಒಲ್ಲೆ ಅಂದ್ರ ಮುಂಜಾನೆ ಬಂದ ಒಯ್ರಿ."

ನೋಡಲು ನೆರೆದಿದ್ದ ಅಕ್ಕಪಕ್ಕದ ತೋಟದ ಮಂದಿಯ ಮುಂದೆ ಹೀಗೆ ಹೇಳಿದ ಮಾವ ಯಾರಿಗಾದರೂ ಇದ್ದಾರೇನು? ನನ್ನ ಎದೆ ಇನ್ನೂ ಉಬ್ಬಿಕೊಂಡೇ ಇದೆ. ಆದರೆ ಕ್ಲಾಸಿನಲ್ಲಿ ನಾನು ಕಲಿತದ್ದು ಬರೀ ಟೈಪ್ ಮಾಡೋದು!

ಮಲಗುವ ಮುನ್ನ ಮಾವ ಎತ್ತಿನ ಹಲ್ಲು ನೋಡುವವರಂತೆ ಕೀಲಿಮಣೆಯನ್ನು ಸವರಿ, "ಹಲ್ಲೆಲ್ಲಾ ಸರಿ ಅದಾವಿಲ್ಲೋ ನೋಡವಾ," ಅಂದು ಹೋದರು.

ಇದನ್ನು ಅದರಲ್ಲೇ ಬರೆದೆ, ಹಲ್ಲು ಸರಿಯಿವೆ. ಫೋನಿನ ನೆಟ್‌ನಿಂದ ಕಳಿಸಿದ ಕೂಡಲೇ ಇದರ ಚಾರ್ಜರ್ ವೈರು ತೆಗೆದು, ಚಾರ್ಜ್ ಮುಗಿಯುತ್ತ ಬಂದ ಫೋನಿಗೆ ಹಾಕುತ್ತೇನೆ. ಉಳಿದದ್ದು ಏನೇನು ನೋಡಬೇಕು, ಮಾವ ಏಳೋದರೊಳಗೆ ಯಾರಾದರೂ ಫೋನ್ ಮಾಡ್ರವ್ವಾ!